ಗುಂಡು ಯಾರ ಕಡೆಗೆ?

ಹಳೇ ರಿವಾಲ್ವರ್ ಕೂಡಿಡುವವರಲ್ಲೂ ಒಳಪಂಗಡಗಳಿವೆ ಸ್ವಾಮಿ. ಒಂದು ಪಂಗಡದವರ ಮುಂದೆ 1851ರ ಕೋಲ್ಟ್ ನೇವಿ ಇಟ್ಟು ನೋಡಿ, ಮೂಗು ಮುರಿಯುತ್ತಾರೆ: "ಅಯ್ಯೋ, ಇದನ್ನ ಎರಡು ಲಕ್ಷದ ಮೇಲೆ ಮಾಡಿದಾರೆ ಕಣ್ರೀ!" ಚೆನ್ನಾಗಿ ಕೆಲಸ ಮಾಡಿದ್ದು, ಚೆನ್ನಾಗಿ ಮಾರಾಟವಾದದ್ದು ಅವರಿಗೆ ಮೈಲಿಗೆ. ಬೇಕಾದ್ದು ವಿಚಿತ್ರವಾದದ್ದು, ಮಾರುಕಟ್ಟೆಯಲ್ಲಿ ಮಕಾಡೆ ಮಲಗಿದ್ದು, ಸಾಧ್ಯವಾದರೆ ಹಾರಿಸಿದವನ ಬೆವರನ್ನೇ ಇಳಿಸಿದ್ದು.

ಇವೆಲ್ಲ ಕೇಪಿನ ಕಾಲದವು. ಮಲೆನಾಡಿನ ಹಿರಿಯರಿಗೆ ಕೇಪಿನ ಕೋವಿಯನ್ನು ಪರಿಚಯಿಸಬೇಕಿಲ್ಲ: ಮದ್ದು ತುಂಬಿ, ಗುಂಡು ಗಿಡಿದು, ಹಿಂದೆ ಪುಟ್ಟ ಕೇಪು ಸಿಕ್ಕಿಸಿದರೆ ಕುದುರೆ ಬಡಿದಾಗ ಢಂ. ಬಡಿದರೆ ಸಿಡಿಯುವ ಈ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್. ಚಕಮಕಿ ಬಂದೂಕಿನ ಮಿಂಚು ಕಂಡೊಡನೆ ಹಕ್ಕಿಗಳು ಪಾರಾಗುತ್ತಿದ್ದವು. ಪಾದ್ರಿಗಳಿಗೆ ಅದನ್ನು ಸಹಿಸಲಾಗಲಿಲ್ಲ. ಹಕ್ಕಿಗಳಿಗೆ ಧರ್ಮೋಪದೇಶ ಮಾಡಿದ ಸಂತರೂ ಇದ್ದರು. ಇವರ ದಾರಿ ಬೇರೆ.

ಇನ್ನು ಸ್ಯಾಮ್ಯುಯೆಲ್ ಕೋಲ್ಟ್. 1830ರಲ್ಲಿ ಹದಿನಾರರ ಹುಡುಗ ಹಡಗು ಹತ್ತಿ ನಮ್ಮ ಕಲ್ಕತ್ತೆಗೆ ಹೊರಟು, ದಾರಿಯಲ್ಲಿ ಕಟ್ಟಿಗೆ ಕೆತ್ತುತ್ತ ತಿರುಗುವ ಪಿಸ್ತೂಲಿನ ಮಾದರಿ ಮಾಡಿದನಂತೆ. ಊರಿಗೆ ಮರಳಿದ ಮೇಲೆ ಬಂಡವಾಳ ಬೇಕಲ್ಲ? ನ್ಯೂಯಾರ್ಕ್, ಲಂಡನ್, ಕಲ್ಕತ್ತೆಗಳ ಡಾಕ್ಟರು ತಾನೆಂದು ಡಂಗುರ ಹೊಡೆದು, ಊರೂರಲ್ಲಿ ಜನರಿಗೆ ನಗೆ ಅನಿಲ ಮೂಸಿಸಿ ದುಡ್ಡೆತ್ತಿದ. ಇಂಥ ಡಾಕ್ಟರೊಬ್ಬ ತನ್ನಲ್ಲಿದ್ದದ್ದು ಕಲ್ಕತ್ತೆಗೇ ಗೊತ್ತಿರಲಿಲ್ಲ ಬಿಡಿ. 1836ರಲ್ಲಿ ಅಮೆರಿಕದ ಪೇಟೆಂಟ್ ಕೈಗೆ ಬಂತು. ಕುದುರೆ ಎಳೆದರೆ ಗುಂಡಿನ ಉರುಳೆ ತಾನಾಗಿ ತಿರುಗಬೇಕೆಂದರೆ 1857ರವರೆಗೆ ಅಲ್ಲಿ ಕೋಲ್ಟ್ ಸಾಹೇಬರ ಅಪ್ಪಣೆ ಬೇಕು.

ಮಿಕ್ಕವರು ಸುಮ್ಮನಿರುತ್ತಾರೆಯೇ? ಜಾನ್ ವೆಬ್‌ಸ್ಟರ್ ಕಾಕ್ರನ್ ಎಂಬಾತ ಉರುಳೆಯ ಗೊಡವೆಯೇ ಬೇಡವೆಂದು ಚಪ್ಪಟೆ ತಟ್ಟೆಯೊಂದನ್ನು ಮಲಗಿಸಿ, ಅದರ ಅಂಚಿನ ಸುತ್ತ ಮದ್ದುಗುಂಡಿನ ಗೂಡು ಕೊರೆದ. ಒಂದು ಗೂಡು ಶತ್ರುವಿನತ್ತ, ಕೆಲವು ಅಕ್ಕಪಕ್ಕದವರತ್ತ, ಉಳಿದವು ಹಾರಿಸುವವನ ಎದೆಯತ್ತಲೇ! ಒಂದು ಗೂಡಿನ ಕಿಡಿ ಪಕ್ಕದ್ದಕ್ಕೂ ತಗುಲಿ ಒಟ್ಟಿಗೇ ಸಿಡಿಯುವ ಕಾಟ ಕೇಪಿನ ರಿವಾಲ್ವರುಗಳಿಗೆ ಇದ್ದೇ ಇತ್ತು. ಇದು ಯಾಕೆ ಹೆಚ್ಚು ಮಾರಾಟವಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಅವರ ಕೈಗೇ ಒಂದು ಕೊಡಿ.

ಪೇಟೆಂಟಿನ ಕಾಟ ತಪ್ಪಿದ ಮೇಲಾದರೂ ಬುದ್ಧಿ ಬಂತೇ? ಈಗ ಆರು ಗುಂಡು ಸಾಲದಾಯಿತು. 1859ರ ಪೇಟೆಂಟಿನಲ್ಲಿ ಜಾನ್ ವಾಲ್ಚ್ ಒಂದೊಂದು ಗೂಡಿನೊಳಗೂ ಒಂದರ ಹಿಂದೊಂದು ಎರಡು ಸಲದ ಮದ್ದುಗುಂಡು ತುರುಕಿ, ಎರಡು ಕುದುರೆ ಕೂರಿಸಿ, ಲೆಕ್ಕವನ್ನು ಹನ್ನೆರಡಕ್ಕೆ ಏರಿಸಿದ. ಮುಂದಿನದು ಮೊದಲು ಹಾರಬೇಕು, ಹಿಂದಿನದು ಆಮೇಲೆ. ಅಷ್ಟು ಶಿಸ್ತಾಗಿ ಸರದಿ ಕಾಯುವವನು ಜಗಳಕ್ಕಾದರೂ ಯಾಕೆ ಹೋಗುತ್ತಾನೆ?

ನನ್ನ ಓಟು ಮಾತ್ರ ನ್ಯೂ ಆರ್ಲಿಯನ್ಸಿನ ಲೆಮಾಟ್ ಅವರಿಗೆ. ಇವರು ನಿಜವಾದ ಡಾಕ್ಟರು, ನಗೆ ಅನಿಲದ ಗಿರಾಕಿಯಲ್ಲ. 1856ರಲ್ಲಿ ಪೇಟೆಂಟಾದ ಇವರ ರಿವಾಲ್ವರಿನಲ್ಲಿ ಒಂಬತ್ತು ಗೂಡು; ಉರುಳೆ ತಿರುಗುವ ನಡುವಿನ ಅಚ್ಚೇ ಇನ್ನೊಂದು ನಳಿಗೆ, ಅದರ ತುಂಬ ಚರೆ! ಒಂಬತ್ತೂ ಗುರಿ ತಪ್ಪಿದವನು ಕುದುರೆಯ ಮೂಗನ್ನು ಚೂರು ತಿರುವಿದರೆ ಸಾಕು, ಎದುರಿಗಿದ್ದದ್ದೆಲ್ಲ ಜರಡಿ. ರೋಗಿಗೆ ಮಾತ್ರೆ ಕೆಲಸ ಮಾಡದಿದ್ದರೆ ಇಂಜೆಕ್ಷನ್ ಇಟ್ಟುಕೊಂಡಿರುವ ವೈದ್ಯನ ಬುದ್ಧಿ ನೋಡಿ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾನಿ ಜೆ.ಇ.ಬಿ. ಸ್ಟುವರ್ಟ್ ಸೊಂಟದಲ್ಲೂ ಇದೇ. ತಯಾರಾದದ್ದು 2,900ರ ಆಸುಪಾಸು ಮಾತ್ರ. ಹಾಗಾಗಿ ಈಗ ಬೆಲೆ ಕೇಳಿದರೇ ಗುಂಡು ತಗುಲಿದಂತಾಗುತ್ತದೆ.

ಕೊಂಡ ಮೇಲಿನ ಕಥೆ ಇನ್ನೂ ಚಂದ. ಹಾರಿಸುವ ಹಾಗಿಲ್ಲ, ಒಂದೂವರೆ ಶತಮಾನದ ಕಪ್ಪನ್ನು ಒರೆಸುವ ಹಾಗೂ ಇಲ್ಲ. ಉಜ್ಜಿ ಹೊಳಪು ಬರಿಸಿದರೆ ಬೆಲೆ ಅರ್ಧಕ್ಕಿಳಿದೀತೆಂಬ ಹೆದರಿಕೆ. ಇಂಥವರನ್ನು ದಯವಿಟ್ಟು ಆಯುಧಪೂಜೆಯ ದಿನ ಮನೆಗೆ ಕರೆಯಬೇಡಿ. ಹುಣಸೆಹಣ್ಣು ಕಲಸಿಕೊಂಡು ಕೂತ ನಮ್ಮ ಅತ್ತೆಯವರನ್ನು ಕಂಡರೆ ಅಲ್ಲೇ ಎದೆ ಹಿಡಿದುಕೊಂಡಾರು.