ನಕ್ಷೆ, ದಿಕ್ಸೂಚಿ ಮತ್ತು ಇಪ್ಪತ್ನಾಲ್ಕು ಹುಡುಗರು: ಬಳಕೆಯ ಕೈಪಿಡಿ

ಈ ಕೈಪಿಡಿ ಕಳಸ, ಕುದುರೆಮುಖದ ಕಡೆಯ ಶಾಲೆಗಳ ಸ್ಕೌಟ್ ಮೇಷ್ಟ್ರುಗಳಿಗಾಗಿ. ಬಯಲುಸೀಮೆಯವರೂ ಬಳಸಬಹುದು. ಆದರೆ ಅಲ್ಲಿ ದಾರಿ ತಪ್ಪಿದ ಐದೇ ನಿಮಿಷಕ್ಕೆ ಯಾವುದಾದರೂ ಗುಡಿಯ ಗೋಪುರವೋ ನೀರಿನ ಟ್ಯಾಂಕೋ ಕಂಡುಬಿಡುವುದರಿಂದ ಮಜಾ ಕಡಿಮೆ.

ಬೇಕಾಗುವ ಸಾಮಗ್ರಿ: ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಟೋಪೋಶೀಟ್ ಒಂದು, ಸೀಟಿ ಒಂದು, ದಿಕ್ಸೂಚಿ ಮೂರು, ಮೂರು ಪಟ್ರೋಲ್‌ಗಳಲ್ಲಿ ಹಂಚಿದ ಹುಡುಗರು, ಉಂಬಳಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು. ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು; ಅಷ್ಟು ಓಡಾಡಲಾಗದವರು ಕಾಫಿ ತೋಟದ ಮೇಲಿನ ಕಾಡಿಗೆ ತೃಪ್ತಿಪಡತಕ್ಕದ್ದು.

ದಿಕ್ಸೂಚಿ ಮೂರಿದ್ದರೆ ಉತ್ತರ ದಿಕ್ಕೂ ಮೂರು ಇರಬಹುದು. ಗಾಬರಿ ಬೇಡ. ಒಬ್ಬನ ಸೊಂಟದಲ್ಲಿ ಕತ್ತಿ ಇರುತ್ತದೆ, ಇನ್ನೊಬ್ಬನ ಜೇಬಿನಲ್ಲಿ ಅಣ್ಣನ ಮೊಬೈಲು. ಎರಡೂ ಮುಳ್ಳನ್ನು ಎಳೆಯುತ್ತವೆ. ಅವನ್ನು ದೂರ ಇಡಿಸಿದ ಮೇಲೂ ಮುಳ್ಳು ಹಟ ಬಿಡದಿದ್ದರೆ ಬೆಟ್ಟವನ್ನೇ ಬೈಯಬಹುದು. ಕುದುರೆಮುಖದ ಅದಿರು ಮ್ಯಾಗ್ನಟೈಟ್, ಅಯಸ್ಕಾಂತ ಗುಣದ್ದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ನೆಲದಲ್ಲಿ ಉಳಿದ ಅದಿರಿಗೆ ಮಾತ್ರ ಯಾರೂ ನೋಟಿಸು ಕೊಟ್ಟಿಲ್ಲ.

ಮುಂದೆ ನಕ್ಷೆಯನ್ನು ಬಂಡೆಯ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ವರನ್ನು ಕೂರಿಸಿ, ಅದರ ಉತ್ತರವನ್ನು ಮುಳ್ಳಿನ ಉತ್ತರಕ್ಕೆ ಹೊಂದಿಸಿ. ತಿರುಗಿಸಬೇಕಾದ್ದು ನಕ್ಷೆಯನ್ನು, ಹುಡುಗರನ್ನಲ್ಲ. ಎರಡು ಉತ್ತರಗಳ ನಡುವೆ ನಮ್ಮ ಕಡೆ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಅದನ್ನು ಬೋರ್ಡಿನ ಮೇಲೆ ವಿವರಿಸಿ, ಕಾಡಿನಲ್ಲಿ ಮರೆತುಬಿಡಿ. "ಎರಡೇ ಸೆಂಟಿಮೀಟರ್ ಸಾರ್, ಈಗ ಹೋಗಿ ಬರ್ತೀವಿ" ಎಂದು ಒಬ್ಬ ಹೇಳೇ ಹೇಳುತ್ತಾನೆ. ಎರಡು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಅದರ ಮೇಲೆ ಹನ್ನೆರಡು ಕಂದು ಗೆರೆಗಳು ಒತ್ತೊತ್ತಾಗಿ ಹಾದುಹೋಗಿವೆ, ಗೆರೆಯಿಂದ ಗೆರೆಗೆ 20 ಮೀಟರ್ ಏರು. ಎರಡು ಗೆರೆಗಳ ನಡುವೆ 15 ಮೀಟರಿನ ಧರೆಯೊಂದು ನಕ್ಷೆಗೆ ಗೊತ್ತೇ ಆಗದಂತೆ ಕೂತಿರಬಹುದು ಎಂಬುದನ್ನು ಧರೆಯ ಬುಡದಲ್ಲಿ ನಿಂತೇ ಪಾಠ ಮಾಡತಕ್ಕದ್ದು.

ಈಗ ನಡಿಗೆ. ಮುಳ್ಳು ನೋಡುತ್ತ ನಡೆದವನು ಹಳ್ಳಕ್ಕೆ ಬೀಳುತ್ತಾನೆ. ಆದ್ದರಿಂದ ನೇರಕ್ಕೊಂದು ಮರ ಗುರುತು ಮಾಡಿ ಅದರ ಬುಡ ಸೇರುವುದು, ಅಲ್ಲಿಂದ ಮತ್ತೊಂದು ಮರ. ಹಳ್ಳ ಇಳಿದು ಹತ್ತುವಷ್ಟರಲ್ಲಿ ಆ ಮರ ಯಾವುದೆಂದು ಪಟ್ರೋಲಿನೊಳಗೆ ಮೂರು ಅಭಿಪ್ರಾಯ ಹುಟ್ಟುತ್ತವೆ. ಮರ ನಂಬಲಾಗದ ಕಡೆ ಒಬ್ಬ ಹುಡುಗನನ್ನೇ ಮುಂದೆ ಕಳಿಸಿ, "ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲು" ಎಂದು ಕೂಗಿ ನಿಲ್ಲಿಸಬೇಕು. ಅವನು ನಿಲ್ಲುತ್ತಾನೆ. ನೀವು ಮುಳ್ಳಿನತ್ತ ಕಣ್ಣು ಇಳಿಸಿದ ಕೂಡಲೇ ಕಾಲ್ಚೀಲ ಜಾರಿಸಿ ಉಂಬಳ ಕೀಳಲು ಪಕ್ಕದ ಕಲ್ಲಿಗೆ ಸರಿಯುತ್ತಾನೆ. ಐದು ಡಿಗ್ರಿ ತಪ್ಪಿದರೆ ಕಿಲೋಮೀಟರಿಗೆ ಹೆಚ್ಚುಕಡಿಮೆ 87 ಮೀಟರ್ ಆಚೆ ಹೋಗುತ್ತೀರಿ. ಮಲೆನಾಡಿನಲ್ಲಿ ಅಷ್ಟು ದೂರದಲ್ಲಿ ಬೇರೆಯೇ ಕಣಿವೆ ಇರುತ್ತದೆ.

ಇಂಥ ತಪ್ಪಿಗೆ ಯಾರಾದರೂ ನಕ್ಕರೆ ವಿಲಿಯಂ ಲ್ಯಾಂಬ್ಟನ್ನನ ಹೆಸರು ಹೇಳಿ. 1802ರಲ್ಲಿ ಮದ್ರಾಸಿನಿಂದ ಹೊರಟ ಅವನ ಸರ್ವೇ ಮಂಗಳೂರಿನ ಕಡಲು ಮುಟ್ಟಿದಾಗ, ಪರ್ಯಾಯ ದ್ವೀಪ ಹಳೆಯ ನಕ್ಷೆಗಳು ತೋರಿಸಿದ್ದಕ್ಕಿಂತ ಸುಮಾರು 40 ಮೈಲಿ ಕಿರಿದೆಂದು ತಿಳಿಯಿತು. 1808ರಲ್ಲಿ ಅರ್ಧ ಟನ್ ತೂಕದ ಥಿಯೋಡೊಲೈಟನ್ನು ತಂಜಾವೂರಿನ ದೇವಸ್ಥಾನದ ಮೇಲೆ ಏರಿಸುವಾಗ ಹಗ್ಗ ಹರಿದು ಅದೂ ಜಖಂ ಆಯಿತು. ಅವನೇ ಕೂತು ರಿಪೇರಿ ಮಾಡಿದ. ನಿಮ್ಮ ದಿಕ್ಸೂಚಿ ಹುಡುಗನ ಕೈಯಿಂದ ಜಾರಿ ಬಿದ್ದರೆ ಶಿಕ್ಷೆ ಕೊಡುವ ಮುನ್ನ ಇದನ್ನು ನೆನೆಯತಕ್ಕದ್ದು.

ದಾರಿ ತಪ್ಪಿದೆ ಎಂಬ ಪದಪ್ರಯೋಗ ನಿಷಿದ್ಧ. "ಸ್ಥಾನ ಪುನರ್‌ಪರಿಶೀಲನೆ" ಎನ್ನಿ. ನಂತರ, ನೀವು ನಡೆದು ಬಂದ ದಿಕ್ಕಿನ ಕೋನಕ್ಕೆ 180 ಡಿಗ್ರಿ ಕೂಡಿಸಿ ಅಥವಾ ಕಳೆದು ಹಿಂದಿನ ಗುರುತಿಗೆ ಮರಳಿ. ಕೂಡಬೇಕೋ ಕಳೆಯಬೇಕೋ ಎಂಬ ಚರ್ಚೆ ನಡೆದಿರುವಾಗ ಸೌದೆ ಹೊರೆ ಹೊತ್ತ ಹೆಂಗಸೊಬ್ಬರು ನೀವು ಹುಡುಕುತ್ತಿರುವ ದಾರಿಯಲ್ಲೇ ಬಂದು, "ಎಂತ ಮೇಷ್ಟ್ರೇ, ರಸ್ತೆ ಅಲ್ಲೇ ಕೆಳಗೆ ಉಂಟಲ್ಲ, ಇಲ್ಲಿ ಎಂತ ಮಾಡ್ತಿದೀರಿ?" ಎನ್ನುತ್ತಾರೆ. ಮಕ್ಕಳ ಅಭ್ಯಾಸ ಎಂದು ಗಂಭೀರವಾಗಿ ಉತ್ತರಿಸಿ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಅವರನ್ನು "ದೊಡ್ಡಮ್ಮಾ" ಎಂದು ಕರೆಯುತ್ತಾನೆ. ಅವನ ಮನೆ ಆ ರಸ್ತೆಯ ಬದಿಗೇ ಇದೆ. ಬೆಳಿಗ್ಗೆಯಿಂದ ಯಾಕೋ ಬಾಯಿ ಬಿಡಲಿಲ್ಲ ಎಂದರೆ, "ನೀವು ಕೇಳ್ಲಿಲ್ಲ ಸಾರ್" ಎನ್ನುತ್ತಾನೆ. ಶಿಸ್ತಿನ ಸ್ಕೌಟ್, ಅವನಿಗೆ ಪೂರ್ಣ ಅಂಕ ಕೊಡಿ.

ಮುಖ್ಯೋಪಾಧ್ಯಾಯರಿಗೆ ಕೊಡುವ ವರದಿಯಲ್ಲಿ ಯೋಜಿಸಿದ ದೂರ 3 ಕಿ.ಮೀ., ನಡೆದ ದೂರ 7 ಕಿ.ಮೀ. ಎಂದು ಪ್ರಾಮಾಣಿಕವಾಗಿ ನಮೂದಿಸತಕ್ಕದ್ದು. ಹೆಚ್ಚುವರಿ ನಾಲ್ಕನ್ನು "ಪ್ರಕೃತಿ ಅಧ್ಯಯನ" ಎಂಬ ತಲೆಬರಹದಡಿ ತೋರಿಸಿ.