ಝೆರಾಕ್ಸ್ ಅಂಗಡಿಯ ಕಟ್ಟೆಯಿಂದ ಅಭಿನಂದನಾ ಭಾಷಣ

ವೇದಿಕೆಯ ಮೇಲೆ, ಅಂದರೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ, ವಿರಾಜಮಾನರಾಗಿರುವ ಗಣ್ಯರೇ, ಕಟ್ಟೆ ಸಾಲದೆ ಬೈಕನ್ನೇರಿ ಕುಳಿತ ಅಂತಿಮ ವರ್ಷದ ಮಹನೀಯರೇ, ಬಸ್ಸಿಗೆ ಹೊತ್ತಾಯಿತೆಂದು ಬ್ಯಾಗು ಇಳಿಸದೆ ನಿಂತಿರುವ ಸೋದರಿಯರೇ,

ಪರೀಕ್ಷೆ ಮುಗಿಸಿ ಊರಿಗೆ ಹೊರಟಿರುವ ತಮ್ಮನ್ನು ಸಪ್ತಾಪುರದ ಝೆರಾಕ್ಸ್ ಅಂಗಡಿಗಳ ಪರವಾಗಿ ಬೀಳ್ಕೊಡುವ ಭಾಗ್ಯ ನನ್ನದಾಗಿದೆ. ಪ್ರಾಧ್ಯಾಪಕರು ತಮ್ಮನ್ನು ಹಾಜರಿ ಪುಸ್ತಕ ನೋಡಿ ಹೊಗಳಬೇಕು, ಅದು ಕಷ್ಟ. ನಾವು ಗಲ್ಲಾ ನೋಡಿ ಹೊಗಳುವವರು.

ನಮ್ಮ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅಂದಿನ ವಿದ್ಯಾರ್ಥಿಗಳು ಕ್ಲಾಸಿನಲ್ಲಿ ಕೂತು ಟಿಪ್ಪಣಿಯನ್ನು ಕೈಯಾರೆ ಬರೆದುಕೊಳ್ಳುತ್ತಿದ್ದರು, ಪಾಪ. 1938ರಲ್ಲಿ ನ್ಯೂಯಾರ್ಕಿನ ಚೆಸ್ಟರ್ ಕಾರ್ಲ್‌ಸನ್ ಎಂಬ ಪುಣ್ಯಾತ್ಮ, ಸಂಧಿವಾತದ ಕೈಯಲ್ಲಿ ನಕಲು ಬರೆದೂ ಬರೆದೂ ಸಾಕಾಗಿ, ಈ ಝೆರಾಕ್ಸ್ ವಿದ್ಯೆ ಕಂಡುಹಿಡಿದ. ತಮಗೆ ಯಾವ ವಾತವೂ ಇರಲಿಲ್ಲ. ಆದರೂ ಇಡೀ ಸೆಮಿಸ್ಟರು ಕೈಯನ್ನು ಎಷ್ಟು ಜೋಪಾನ ಮಾಡಿದಿರಿ!

ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದೂವರೆಗೆ ಅರ್ಧ ಎಳೆದ ಶಟರಿನ ಕೆಳಗಿಂದ ತಲೆ ತೂರಿಸಿ, "ಅಣ್ಣಾ, ಐದನೇ ಯುನಿಟ್ ಅದ ಏನ್ರಿ?" ಎಂದು ಕೇಳಿದವರು ತಾವು. "ಯಾವ ವಿಷಯದ್ದು?" ಎಂದರೆ "ನಾಳಿದ್ದರೀ" ಎಂದಿರಿ. ಇಂಥ ನಿರ್ಮಲ ಮನಸ್ಸು ನಾವು ಬೇರೆಲ್ಲೂ ಕಂಡಿಲ್ಲ.

ಮೊದಲ ಬೆಂಚಿನ ಒಬ್ಬ ತಂಗಿಯ ಒಂದೇ ನೋಟ್‌ಬುಕ್ಕು ಇಡೀ ತರಗತಿಯನ್ನು ಸಾಕಿತು. ಅದರ ಮೂರನೇ ಪುಟದಲ್ಲಿ ಚಹಾ ಗ್ಲಾಸಿಟ್ಟ ದುಂಡನೆಯ ಕಲೆಯಿತ್ತು. ನಮ್ಮ ಮಷಿನ್ ಪ್ರಾಮಾಣಿಕ. ಕಲೆಯನ್ನೂ ಅಚ್ಚುಕಟ್ಟಾಗಿ ಇಳಿಸಿತು. ಅದನ್ನು ಆಕೃತಿಯೆಂದು ತಿಳಿದು, ಉತ್ತರ ಪತ್ರಿಕೆಯಲ್ಲಿ ಬಿಡಿಸಿ, ಪೆನ್ಸಿಲ್ಲಿನಿಂದ ಭಾಗಗಳನ್ನೂ ಗುರುತಿಸಿ ಬಂದ ಸಾಧಕರು ಇದೇ ಬೈಕಿನ ಮೇಲಿದ್ದಾರೆ. ಜೋರಾಗಿ ಚಪ್ಪಾಳೆ ಬರಲಿ.

ನಾಲ್ಕು ಪುಟ ಒಂದಕ್ಕಿಳಿಸಿ, ಅದನ್ನು ಮತ್ತೆ ಕಿಸೆಯ ಅಳತೆಗೆ ಮಾಡಿಸಿಕೊಂಡವರೂ ಇದ್ದಾರೆ. "ಬಸ್ಸಿನ್ಯಾಗ ಓದಾಕ" ಅಂದರು, ನಾವು ನಂಬಿದೆವು. ಮುಂದೆ ಹೋಗೋಣ.

ಸೋದರಿಯರಿಗೆ 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆಯ ಬಲವಿದೆ. ಆಧಾರ್ ತೋರಿಸಿದರೆ ಊರು ಬಂತು. ಸೋದರರ ಟಿಕೀಟಿನ ದುಡ್ಡು ಮೆಸ್ಸಿನ ಬಾಕಿಗೆ ಹೋದ ಸುದ್ದಿ ನಮಗೆ ಗೊತ್ತಿದೆ, ಸಾಲ ಕೇಳಿದ್ದು ನಮ್ಮನ್ನೇ. ಇದ್ದುದರಲ್ಲೇ ಲೈನ್ ಬಜಾರಿನ ಸರದಿಯಲ್ಲಿ ನಿಂತು ಕಾಲು ಕಿಲೋ ಪೇಢೆ ಕಟ್ಟಿಸಿಕೊಳ್ಳಿ. ಮನೆಯ ಹೊಸ್ತಿಲಲ್ಲೇ "ಪೇಪರ್ ಹೆಂಗಾಗ್ಯಾವಪಾ?" ಎಂಬ ಪ್ರಶ್ನೆ ಬರುತ್ತದೆ. ಅಪ್ಪನ ಬಾಯಿಗೊಂದು, ನಿಮ್ಮ ಬಾಯಿಗೊಂದು. ಫಲಿತಾಂಶ ಬರುವವರೆಗೆ ಪೇಢೆ ಸಾಲದು, ಆ ಜವಾಬ್ದಾರಿ ನಮ್ಮದಲ್ಲ.

ಹೋಗುವಾಗ ನೋಟ್ಸನ್ನು ರದ್ದಿಗೆ ಹಾಕದೆ ನಮ್ಮಲ್ಲಿ ಬಿಟ್ಟು ಹೋಗಿ, ಮುಂದಿನ ಬ್ಯಾಚಿಗೆ ಚಹಾದ ಕಲೆ ಸಮೇತ ಮಾರುತ್ತೇವೆ. ಮರುಮೌಲ್ಯಮಾಪನದ ಅರ್ಜಿಯೂ ಇಲ್ಲೇ ಸಿಗುತ್ತದೆ. ಧೈರ್ಯವಿದ್ದವರು ಇಂದೇ ಒಯ್ಯಬಹುದು.

ಈಗ ಸನ್ಮಾನ. ಶಾಲು ಒಂದೇ ಇದೆ, ಫೋಟೊ ಆದಕೂಡಲೇ ಪಕ್ಕದವರ ಹೆಗಲಿಗೆ ದಾಟಿಸಬೇಕು. ಉದ್ರಿ ವಹಿಯಲ್ಲಿರುವ ಕ್ರಮದಂತೆ, ಮೊಬಲಗು ಸಹಿತ, ಹೆಸರುಗಳನ್ನು ಕರೆಯಲಾಗುವುದು. ಅರೆ, ಬೈಕು ಯಾಕೆ ಸ್ಟಾರ್ಟ್ ಮಾಡಿದಿರಿ?