ಬಳ್ಳೊಳ್ಳಿಗೊಂದು ಚಳಿಗಾಲ

2024ನೆಯ ಇಸವಿಯಲ್ಲಿ ಬಳ್ಳೊಳ್ಳಿಯ ಧಾರಣೆಯು ಕಿಲೋವಿಗೆ 400 ರೂಪಾಯಿಯನ್ನು ಮುಟ್ಟಿ, ಸಂಜೆಯ ಒಗ್ಗರಣೆಯ ಪರಿಮಳದಿಂದಲೇ ನೆರೆಮನೆಯವರ ವರಮಾನವನ್ನು ಅಳೆಯಬಹುದಾದಂಥ ಕಾಲವು ಪ್ರಾಪ್ತವಾದಾಗ, ಹಿತ್ತಿಲುಳ್ಳ ಗೃಹಸ್ಥನೊಬ್ಬನು ಅದಕ್ಕಾಗಿ ಅಂಗಡಿಯ ಮುಂದೆ ದೈನ್ಯದಿಂದ ನಿಲ್ಲುವುದು ಪೌರುಷಕ್ಕೆ ಕುಂದೆಂಬ ವಿಚಾರವು ನನ್ನಲ್ಲಿ ಉದಿಸಿತು. ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆನಾಡಿನಲ್ಲಿ, ನಾರಾಯಣಪುರದ ಬಲದಂಡೆ ಕಾಲುವೆಯ ನೀರುಂಡು ಹತ್ತಿಯೂ ಭತ್ತವೂ ಮೆಣಸಿನಕಾಯಿಯೂ ಬೆಳೆಯುವ ಸೀಮೆಯಲ್ಲಿ, ಒಂದು ಒಗ್ಗರಣೆಯ ಸಾಮಗ್ರಿಗೆ ಮಾತ್ರ ಭೂಮಿಯು ಒಲ್ಲೆನೆನ್ನುವುದುಂಟೆ? ಹಾಗೆಂದು ನನ್ನನ್ನೇ ಕೇಳಿಕೊಂಡು, ಉತ್ತರ ಬಲ್ಲವರಾರನ್ನೂ ಕೇಳದೆ, ಅದೇ ಅಂಗಡಿಯಿಂದ ಅರ್ಧ ಕಿಲೋ ಬಳ್ಳೊಳ್ಳಿಯನ್ನು ನೆಡುವುದಕ್ಕೆಂದು ಕೊಂಡುತಂದೆನು. ಬೀಜವನ್ನು ಕಟ್ಟದೆ ಎಸಳಿನಿಂದಲೇ ವಂಶವನ್ನು ಬೆಳೆಸುವ ಸಸ್ಯವಾದುದರಿಂದ, ಉಣ್ಣುವ ಗಡ್ಡೆಯೇ ಬಿತ್ತುವ ಗಡ್ಡೆಯೂ ಆಗಬಲ್ಲದೆಂಬ ನನ್ನ ತರ್ಕದಲ್ಲಿ ಲೋಪವಿರಲಿಲ್ಲ.

ಲೋಪವಿದ್ದುದು ನಮ್ಮೂರಾದ ಗಬ್ಬೂರಿನ ಹವೆಯಲ್ಲಿ. ಈ ವಿಷಯದಲ್ಲಿ ಉಪದೇಶ ಮಾಡುವ ಮಹನೀಯರೆಲ್ಲರೂ ಬೆಂಗಳೂರಿನಲ್ಲಿ, ಸಮುದ್ರಮಟ್ಟಕ್ಕೆ 900 ಮೀಟರು ಮೇಲೆ, ತಣ್ಣನೆಯ ಗಾಳಿಯಾಡುವ ಮಹಡಿಗಳಲ್ಲಿ ವಾಸವಾಗಿರುವರು. ಕುಂಡದಲ್ಲಿ ಎಸಳನ್ನು ಊರಿ ಮರೆತುಬಿಡಿ, ಉಳಿದುದನ್ನು ಪ್ರಕೃತಿಯೇ ನೋಡಿಕೊಳ್ಳುವುದು ಎನ್ನುವರು. ಇವರಲ್ಲಿ ಒಬ್ಬರನ್ನಾದರೂ ವೈಶಾಖದ ನಡುಹಗಲಿನಲ್ಲಿ ರಾಯಚೂರಿನ ಬಸ್ಸು ನಿಲ್ದಾಣದಲ್ಲಿ ಬರಿಗಾಲಲ್ಲಿ ನಿಲ್ಲಿಸಿ, ಪ್ರಕೃತಿಯು ಏನೇನನ್ನು ನೋಡಿಕೊಳ್ಳುತ್ತದೆಂಬುದನ್ನು ತೋರಿಸಬೇಕೆಂಬುದು ನನ್ನ ಬಹುದಿನದ ಅಭಿಲಾಷೆ. ಗಡ್ಡೆಯು ಎಸಳೆಸಳಾಗಿ ಒಡೆಯಬೇಕಾದರೆ ಕೆಲವು ವಾರಗಳ ಕಾಲ ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯನ್ನು ಅದು ಅನುಭವಿಸಬೇಕೆಂದು ತೋಟಗಾರಿಕೆಯ ಪುಸ್ತಕವೊಂದರಲ್ಲಿ ಓದಿದೆನು. ಪುಷ್ಯಮಾಸದ ಮುಂಜಾವಿನಲ್ಲಿ ಹದಿನೆಂಟು ಡಿಗ್ರಿಯಾದರೆ ಸಾಕು, ಕಿವಿಗೆ ಟವೆಲು ಸುತ್ತಿಕೊಂಡು ಬೆಂಕಿ ಕಾಯಿಸುವ ನಮ್ಮೂರಿನಲ್ಲಿ ಅಂಥ ಹೇಮಂತವನ್ನು ಎಲ್ಲಿಂದ ತರುವುದು? ಅಡುಗೆಮನೆಯ ಫ್ರಿಜ್ಜಿನಲ್ಲಿ ನಾಲ್ಕು ಡಿಗ್ರಿಯ ಹಿಮಾಲಯವೊಂದು ಅಹರ್ನಿಶಿ ಗುರುಗುಟ್ಟುತ್ತಿದ್ದುದು ಆಗ ನೆನಪಿಗೆ ಬಂದಿತು. ಚಳಿಯು ಒಳಗಿನವರೆಗೂ ತಾಗಲೆಂಬ ಅತ್ಯುತ್ಸಾಹದಿಂದ ಗಡ್ಡೆಗಳನ್ನು ಬಿಡಿಸಿ, ಬಿಡಿಸುವ ಭರದಲ್ಲಿ ಎಸಳುಗಳಿಗೆ ಉಗುರಿನ ಗಾಯವನ್ನೂ ಮಾಡಿ, ಮಜ್ಜಿಗೆಯ ಪಾತ್ರೆಯ ಮಗ್ಗುಲಲ್ಲಿ ಪ್ರತಿಷ್ಠಾಪಿಸಿದೆನು. ಇಡಿಯಾಗಿದ್ದಾಗ ಸಾಧುವಾಗಿರುವ ಬಳ್ಳೊಳ್ಳಿಯು ಗಾಯಗೊಂಡೊಡನೆ ಅಲ್ಲಿಸಿನ್ ಎಂಬ ತೀಕ್ಷ್ಣದ್ರವ್ಯವನ್ನು ಹುಟ್ಟಿಸಿ ತನ್ನ ಅಸ್ತಿತ್ವವನ್ನು ಸಾರುವುದೆಂಬ ರಸಾಯನಶಾಸ್ತ್ರವನ್ನು ಮೊದಲು ಮನಗಂಡವಳು ನನ್ನ ಪತ್ನಿ. ಅವಳ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಆಶ್ವಯುಜದ ಮೊದಲ ದಿನಗಳಲ್ಲೊಂದು ಮಧ್ಯಾಹ್ನ, ಮಂತ್ರಾಲಯಕ್ಕೆ ಹೊರಟಿದ್ದ ವೃದ್ಧರೊಬ್ಬರು, ಅವಳ ತವರಿನ ಕಡೆಯ ಹಿರಿಯರು, ಹುಟ್ಟಿದಂದಿನಿಂದ ಉಳ್ಳಾಗಡ್ಡಿ ಬಳ್ಳೊಳ್ಳಿಗಳನ್ನು ಬಾಯಿಗಿಡದವರು ಮಾತ್ರವಲ್ಲದೆ ಅವುಗಳನ್ನು ಹೆಸರಿಸಬೇಕಾದಾಗಲೂ ‘ಅದು’ ಎಂದಷ್ಟೇ ಹೇಳಿ ಮುಂದೆ ಸಾಗುವವರು, ನಮ್ಮಲ್ಲಿಗೆ ದಯಮಾಡಿಸಿದರು. ನಮ್ಮ ಮನೆಯೂ ಅಂಥದೇ ಎಂಬುದು ಅವರ ನಂಬಿಕೆ. ಅದನ್ನು ಕೆಡಿಸುವ ಕ್ರೌರ್ಯವು ನಮ್ಮಲ್ಲಿ ಎಂದೂ ಇರಲಿಲ್ಲ. ಚಾತುರ್ಮಾಸ್ಯದ ಕ್ಷೀರವ್ರತವು ನಡೆದಿದ್ದುದರಿಂದ ಕಾಫಿಯು ವರ್ಜ್ಯವೆಂದೂ ಮಜ್ಜಿಗೆಗೆ ಅಡ್ಡಿಯಿಲ್ಲವೆಂದೂ ಅವರೇ ಸೂಚಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಲೋಟವು ಅವರ ಕೈ ಸೇರಿತ್ತು.

ಕಚ್ಚಿ ಕುಡಿಯುವವರಾಗಿದ್ದರೆ ಮೂಗೇ ಮುನ್ನೆಚ್ಚರಿಕೆ ನೀಡುತ್ತಿತ್ತು; ಅವರೋ ಆಚಾರವಂತರು, ಎತ್ತಿ ಕುಡಿಯುವವರು. ಲೋಟವು ಮೊದಲು ಎದೆಯ ಮಟ್ಟಕ್ಕೆ, ಆಮೇಲೆ ಹಣೆಯ ಮಟ್ಟಕ್ಕೆ ಏರಿ, ಕತ್ತು ಹಿಂದಕ್ಕೆ ವಾಲಿ, ಕಣ್ಣುಗಳು ಮುಚ್ಚಿ, ಶ್ವೇತಧಾರೆಯು ಒಂದು ಗೇಣು ಅಂತರಿಕ್ಷವನ್ನು ದಾಟಿ ಆ ನಿಷ್ಕಳಂಕವಾದ ಗಂಟಲಿಗೆ ಇಳಿಯತೊಡಗಿದ ಆ ಅಲ್ಪಕಾಲದಲ್ಲಿ, ನಾನು ಸಮಸ್ತ ಧರ್ಮಶಾಸ್ತ್ರವನ್ನೂ ಮನಸ್ಸಿನಲ್ಲೇ ತಿರುವಿಹಾಕಿದೆನು. ಮೂಸಿದರೆ ಅರ್ಧ ಉಂಡಂತೆ ಎನ್ನುವರು. ಹಾಗಾದರೆ ಮೂಸಿದ ಮಜ್ಜಿಗೆಯನ್ನು ಉಂಡವರಿಗೆ ಪಾಪದ ಪಾಲೆಷ್ಟು? ಅರ್ಧದ ಅರ್ಧವೆ? ಮೂಸಿದ್ದು ಮಜ್ಜಿಗೆಯೋ ಅವರೋ? ವಿಷ್ಣುವು ರಾಹುವಿನ ಶಿರವನ್ನು ಛೇದಿಸಿದಾಗ ನೆಲಕ್ಕೆ ಬಿದ್ದ ರಕ್ತಬಿಂದುವಿನಿಂದ ಬಳ್ಳೊಳ್ಳಿಯು ಹುಟ್ಟಿತೆಂಬ ಕಥೆಯು ಕಣ್ಣ ಮುಂದೆ ಕುಣಿದು ಕೈಕಾಲುಗಳು ತಣ್ಣಗಾದುವು. ಅಷ್ಟರಲ್ಲಿ ಪುಣ್ಯವಶದಿಂದ ಬವರ್ ಹಸ್ತಪ್ರತಿಯ ನೆನಪಾಯಿತು. 1890ರಲ್ಲಿ ಮಧ್ಯ ಏಷ್ಯಾದ ಕೂಚಾ ಎಂಬಲ್ಲಿ ಆಂಗ್ಲ ಸೇನಾಧಿಕಾರಿಯೊಬ್ಬನ ಕೈಸೇರಿದ, ಸುಮಾರು 1500 ವರ್ಷ ಹಳೆಯದಾದ ಆ ಭೂರ್ಜಪತ್ರದ ಗ್ರಂಥವು ಲಶುನದ ಮಹಿಮೆಯಿಂದಲೇ ಆರಂಭವಾಗುವುದು. ಅದನ್ನು ತಿನ್ನಲಾಗದ ಬ್ರಾಹ್ಮಣನ ಕಷ್ಟಕ್ಕೂ ಅಲ್ಲಿ ಪರಿಹಾರವುಂಟು: ಹಸುವನ್ನು ಮೂರು ರಾತ್ರಿ ಹೆಚ್ಚುಕಡಿಮೆ ಉಪವಾಸ ಕೆಡವಿ, ಹುಲ್ಲಿನೊಡನೆ ಬಳ್ಳೊಳ್ಳಿಯ ಕಾಂಡವನ್ನು ಬೆರೆಸಿ ಮೇಯಿಸಿದರೆ, ಅದರ ಹಾಲು, ಮೊಸರು, ತುಪ್ಪ, ಕಡೆಗೆ ಮಜ್ಜಿಗೆಯನ್ನೂ ಆಚಾರಕ್ಕೆ ಭಂಗವಿಲ್ಲದೆ ಸೇವಿಸಿ ರೋಗಗಳನ್ನು ನೀಗಿಕೊಳ್ಳಬಹುದು. ಮಜ್ಜಿಗೆಯೆಂದು ಗ್ರಂಥಕಾರನೇ ಹೇಳಿರುವನು! ಹಸುವು ಮಾಡತಕ್ಕ ಕೆಲಸವನ್ನು ನಮ್ಮ ಮನೆಯಲ್ಲಿ ಫ್ರಿಜ್ಜು ಮಾಡಿತು, ಅಷ್ಟೇ.

ಧಾರೆಯು ನಿಂತಿತು. ಲೋಟವು ಇಳಿಯಿತು. ಹಿರಿಯರು ಕಣ್ಣು ತೆರೆದು ಚಾವಣಿಯನ್ನು ದಿಟ್ಟಿಸಿದರು.

“ಭಾಳ ರುಚಿ ಅದ. ಏನ್ ಹಾಕೀರಿ?”

“ಇಂಗು,” ಎಂದಿತು ಅಡುಗೆಮನೆಯ ಬಾಗಿಲ ಮರೆಯ ಧ್ವನಿ, ಒಂದು ನಿಮಿಷವನ್ನೂ ವ್ಯರ್ಥ ಮಾಡದೆ.

“ನಮ್ಮ ಕಡಿ ಇಂಥಾ ಇಂಗು ಸಿಗಂಗಿಲ್ಲ ನೋಡ್ರಿ,” ಎಂದು ಅವರು ಲೋಟವನ್ನು ಮತ್ತೊಮ್ಮೆ ಮುಂದಕ್ಕೆ ಚಾಚಿದರು.

ಉಳಿದುದು ಬೇಗ ಮುಗಿಯುವ ಕಥೆ. ಕಾರ್ತಿಕದಲ್ಲಿ ಎರೆಮಣ್ಣಿಗೆ ಉಸುಕನ್ನೂ ಹಟ್ಟಿಗೊಬ್ಬರವನ್ನೂ ಬೆರೆಸಿ ನೆಟ್ಟೆನು. ಹಸುರು ಅಮೋಘವಾಗಿ ಬಂದಿತು. ಮಲೆಶಂಕರನ ಗುಡಿಗೆ ಹೋಗಿಬರುವವರೆಲ್ಲರನ್ನೂ ಹಿತ್ತಿಲಿಗೆ ಕರೆದು ತೋರಿಸಿದೆನು. ಶಿವರಾತ್ರಿಯ ಹೊತ್ತಿಗೆ ಕಿತ್ತೆನು. ಎಸಳಿಲ್ಲ. ಒಂದೊಂದು ಗಿಡದ ಬುಡದಲ್ಲೂ ಒಡೆಯದ, ಸೀಳದ, ನಡುವೆ ಗೆರೆಯೂ ಇಲ್ಲದ ಒಂದೊಂದು ಗುಂಡು ಗಡ್ಡೆ. ಗಾತ್ರವನ್ನೂ ಬಿಳುಪನ್ನೂ ಕಂಡು ಮರುಳಾಗಿ ನಾನು ಆರಿಸಿಕೊಂಡಿದ್ದುದು ಬೆಟ್ಟಸೀಮೆಯ ತಳಿ. ಚಳಿಯ ಜೊತೆಗೆ ದೀರ್ಘವಾದ ಹಗಲನ್ನೂ ಬೇಡುವಂಥದು. ಮಾರ್ಗಶಿರದಲ್ಲಿ ಹನ್ನೊಂದು ಗಂಟೆಗೆ ಚೂರು ಮೇಲಾಗಿ ಮುಗಿದುಹೋಗುವ ನಮ್ಮ ಹಗಲನ್ನು ಫ್ರಿಜ್ಜಿನಲ್ಲಿಟ್ಟು ಬೆಳೆಸುವ ಉಪಾಯವು ಇನ್ನೂ ಹೊರಟಿಲ್ಲ. ಆದರೂ ಒಂಟಿ ಬಳ್ಳೊಳ್ಳಿಯೆಂದು ಔಷಧಿಯ ಅಂಗಡಿಗಳಲ್ಲಿ ಹೆಚ್ಚಿನ ಬೆಲೆಗೆ ಮಾರುವುದು ಇಂಥದನ್ನೇ ಎಂದು ಮನೆಯಲ್ಲಿ ಗಂಭೀರವಾಗಿ ಘೋಷಿಸಿದೆನು.

ಘೋಷಿಸುವಾಗ, ಕೊಂಡ ದಿನದ ಒಂದು ಸಂಗತಿಯು ನೆನಪಾಗಿ ನಾಲಗೆ ತಡೆಯಿತು. ಇದು ಮಂದಸೌರದ್ದೋ ಗದಗಿನದ್ದೋ ಊಟಿಯದ್ದೋ ಎಂದು ನಾನು ಕುಲಗೋತ್ರವನ್ನು ವಿಚಾರಿಸುತ್ತಿದ್ದರೆ ಅಂಗಡಿಯವನು, “ತಿನ್ನಾಕ ಒಯ್ಯೋರು ಯಾರೂ ಊರು ಕೇಳಂಗಿಲ್ರಿ, ಹಚ್ಚೋದಿದ್ರ ಜವಾರಿ ಒಯ್ರಿ,” ಎಂದಿದ್ದನು. ನನ್ನ ಹಿಂದೆ ಒಬ್ಬ ಹೆಂಗಸು ಹತ್ತರ ನೋಟನ್ನು ಹಿಡಿದು ಕಾಯುತ್ತಿದ್ದಳು. ಮಗನೂ ಸೊಸೆಯೂ ಆ ರಾತ್ರಿಯ ಬಸ್ಸಿಗೆ ಬೆಂಗಳೂರಿಗೆ ಗುಳೆ ಹೊರಟಿದ್ದರು. ಕಟಗ ರೊಟ್ಟಿ ಕಟ್ಟಿಯಾಗಿತ್ತು, ಖಾರ ಕುಟ್ಟುವುದಕ್ಕೆ ಬಳ್ಳೊಳ್ಳಿ ಬೇಕಾಗಿತ್ತು. ಹತ್ತು ರೂಪಾಯಿಗೆ 25 ಗ್ರಾಮು. ಅವನು ತಕ್ಕಡಿಯಲ್ಲಿ ಒಂದು ಗಡ್ಡೆಯನ್ನಿಟ್ಟು, ತೂಕವು ಮೀರಲು, ಎರಡು ಎಸಳುಗಳನ್ನು ಮುರಿದು ಹಿಂದಕ್ಕೆ ತೆಗೆದುಕೊಂಡನು. ಅವಳು ಏನೂ ಅನ್ನಲಿಲ್ಲ. ಮಣ್ಣಿನಲ್ಲಿ ಹೂಳುವುದಕ್ಕೆಂದು ಅರ್ಧ ಕಿಲೋ ಕಟ್ಟಿಸಿಕೊಂಡಿದ್ದ ನಾನೂ ಏನೂ ಅನ್ನಲಿಲ್ಲ.

ಒಂಟಿ ಗಡ್ಡೆಗಳನ್ನು ಮತ್ತೆ ನೆಟ್ಟರೆ ಅವು ಎಸಳೊಡೆಯಬಹುದೆಂದು ಅದೇ ಪುಸ್ತಕದಲ್ಲಿದ್ದರೂ, ಆ ಪುಟವನ್ನು ನಾನು ತಲಪುವ ಮೊದಲೇ ಅವು ಶೇಂಗಾ ಹಿಂಡಿಯಲ್ಲಿ ಲೀನವಾಗಿದ್ದುವು. ಈ ಸಲ ಚಳಿಯ ಗೊಡವೆಯಿಲ್ಲದ ಜವಾರಿಯನ್ನು ತಂದು ಪಡಸಾಲೆಯ ಜಂತಿಗೆ ಕಟ್ಟಿರುವೆನು. ಫ್ರಿಜ್ಜನ್ನು ಶುದ್ಧಿಮಾಡಿ, ಇನ್ನು ಮುಂದೆ ಈ ಪೀಡೆಯು ಅದರ ಹೊಸ್ತಿಲನ್ನು ದಾಟಕೂಡದೆಂದು ಪತ್ನಿಯು ಕಟ್ಟಾಜ್ಞೆ ಮಾಡಿದ್ದಳು. ಆದರೆ ಹಿರಿಯರು ಈ ವರ್ಷವೂ ಮಂತ್ರಾಲಯಕ್ಕೆ ಹೋಗುವವರಿದ್ದು, ಮಧ್ಯಾಹ್ನಕ್ಕೆ ಗಬ್ಬೂರಿನಲ್ಲಿ ಇಳಿಯುವೆನೆಂದೂ, ಆ ಇಂಗು ಇನ್ನೂ ಉಳಿದಿದೆಯೆ ಎಂದೂ ಮೊನ್ನೆ ಫೋನು ಮಾಡಿದರು. ನಿನ್ನೆ ರಾತ್ರಿ ತಣ್ಣೀರಿಗೆಂದು ಫ್ರಿಜ್ಜನ್ನು ತೆರೆದರೆ, ಮಜ್ಜಿಗೆಯ ಪಾತ್ರೆಯ ಹಿಂದೆ, ಬಿಡಿಸಿದ, ಅಚ್ಚುಕಟ್ಟಾಗಿ ಉಗುರಿನಿಂದ ಗಾಯಮಾಡಿದ, ಜವಾರಿಯ ನಾಲ್ಕು ಎಸಳುಗಳಿದ್ದುವು.